ದಾಂಡೇಲಿ ಬೋರ್ಡಿನಿಂದ ಕಾಣೆಯಾದ ಮನೆಗಳು

ಮಾಡೆಲ್ ಮಾಡುವ ಕೆಲಸಕ್ಕೆ ಹೊಸದಾಗಿ ಬರುವ ಹುಡುಗರು ನನ್ನನ್ನು ಮೊದಲು ಕೇಳುವುದು ಯಾವ ಅಂಟು ಚಲೋ, ಯಾವ ಬ್ಲೇಡು ಚಲೋ ಅಂತ. ಅಂಟು, ಬ್ಲೇಡಿನ ಸುದ್ದಿ ಅಂಗಡಿಯವನೂ ಹೇಳುತ್ತಾನೆ. ನಾನು ಹೇಳುವುದು ಬೇರೆ. ಮಾಡಿಸುವವರು ಯಾರು, ಯಾರಿಗೆ ತೋರಿಸಲಿಕ್ಕೆ ಮಾಡಿಸುತ್ತಾರೆ ಅನ್ನುವುದನ್ನು ಮೊದಲು ತಿಳಕೊಳ್ಳಿರಿ. ಒಂದು ಊರನ್ನು ಸಣ್ಣದು ಮಾಡಿಸಿ ಮೇಜಿನ ಮೇಲೆ ಇಟ್ಟುಕೊಳ್ಳುವವನಿಗೆ ಆ ಊರಿನಿಂದ ಏನೋ ಬೇಕಾಗಿರುತ್ತದೆ. ಬರೀ ಚಂದಕ್ಕಾಗಿ ಮಾಡಿಸಿದವರನ್ನು ನನ್ನ ಇಡೀ ನೌಕರಿಯೊಳಗೆ ನಾನು ಕಂಡಿಲ್ಲ.

ನಾನು ಸಾಲಿ ಬಿಟ್ಟದ್ದು ನಾಲ್ಕನೇ ಇಯತ್ತೆಗೆ. ಹಳಿಯಾಳ ತಾಲೂಕಿನ ಒಕ್ಕಲುತನದ ಮನೆ ನಮ್ಮದು. ಹೊಲಕ್ಕೆ ಅಣ್ಣಂದಿರು ಸಾಕು ಅಂತ ಅಪ್ಪ ನನ್ನನ್ನು ದಾಂಡೇಲಿಯ ಒಂದು ಖಾಸಗಿ ಕಟ್ಟಿಗೆ ಕಂಪನಿಗೆ ಹಚ್ಚಿದ. ಮೊದಲು ದಿಮ್ಮಿಗಳಿಗೆ ಗುರುತಿನ ಸುತ್ತಿಗೆ ಹೊಡೆಯುವ ಕೆಲಸ. ಆಮೇಲೆ ಬಡಗಿ ಖೋಲಿ. ಬಿಡುವಿನಲ್ಲಿ ನಾನು ಸಾಗವಾನಿ ಚಕ್ಕೆಯಿಂದ ಒಂದು ಸಣ್ಣ ಚಕ್ಕಡಿ ಮಾಡಿ ಕಿಟಕಿಯ ಮೇಲೆ ಇಟ್ಟಿದ್ದೆ. ಕೀಲು ತಿರುಗುತ್ತಿತ್ತು, ನೊಗ ಬಿಚ್ಚಲಿಕ್ಕೆ ಬರುತ್ತಿತ್ತು. ನಮ್ಮ ದೊಡ್ಡ ಮ್ಯಾನೇಜರ ಸಾಹೇಬರ ಕಣ್ಣಿಗೆ ಅದು ಬಿತ್ತು. ಎಂಟು ದಿನ ಕಳೆಯುವುದರೊಳಗೆ ನನ್ನನ್ನು ಗೆಸ್ಟ್ ಹೌಸಿನ ಹಿಂದಿನ ಹಾಲಿಗೆ ಕರೆಸಿದರು.

ಅಲ್ಲಿ ಮುಂಬಯಿಯಿಂದ ಬಂದ ಒಂದು ಖೋಕೆ ಬಿಚ್ಚಿಟ್ಟಿದ್ದರು. ಒಳಗೆ ಆಟಿಗೆಯ ರೈಲು. ಆಟಿಗೆ ಅಂದರೆ ನಮ್ಮ ಸಂತೆಯ ಆಟಿಗೆ ಅಲ್ಲ. ಕರೆಂಟು ಕೊಟ್ಟರೆ ತಾನೇ ಓಡುವ ಎಂಜಿನ್, ಗೇಣುದ್ದದ ಡಬ್ಬಿ, ಪಿನ್ನಿನಂಥ ಹಳಿ. ಅಳ್ನಾವರದಿಂದ ದಾಂಡೇಲಿಗೆ ಬರುವ ರೈಲು ಮಾರ್ಗದ ಕೊನೆ, ಸ್ಟೇಶನ್, ದಿಮ್ಮಿ ಡಿಪೋ, ಸುತ್ತಲಿನ ಕಾಡು, ಮನೆ, ಎಲ್ಲವನ್ನೂ ಒಂದು ದೊಡ್ಡ ಬೋರ್ಡಿನ ಮೇಲೆ ಮಾಡಬೇಕು, ಅದರ ಮೇಲೆ ಈ ರೈಲು ಓಡಬೇಕು ಅಂತ ಹುಕುಂ ಆಯಿತು. ಸಾಹೇಬರಿಗೆ ಹುಚ್ಚು ಹಿಡಿದಿದೆ ಅಂತ ಬಡಗಿ ಖೋಲಿಯವರೆಲ್ಲ ನಕ್ಕರು. ನಾನು ನಗಲಿಲ್ಲ. ಇಷ್ಟು ಖರ್ಚಿಗೆ ಏನೋ ಕಾರಣ ಇದ್ದೇ ಇರುತ್ತದೆ ಅಂತ ನನಗೆ ಆವತ್ತೇ ಅನ್ನಿಸಿತ್ತು.

ನನ್ನ ಜೋಡಿ ಕೊಟ್ಟವನು ಬಸ್ತ್ಯಾಂವ. ಜೋಯಿಡಾ ಕಾಡಿನ ಕಡೆಯ ಕ್ರಿಸ್ತಾಂವ ಸಿದ್ದಿ, ನನಗಿಂತ ನಾಲ್ಕಾರು ವರ್ಷ ದೊಡ್ಡವನು. ಕೈಯಲ್ಲಿ ಕತ್ತಿ ಹಿಡಿದರೆ ಕಟ್ಟಿಗೆ ತಾನಾಗಿ ಬಾಗಬೇಕು, ಅಂಥ ಕೈ. ಆಯಿ ಅಂತ ಅವನು ಕರೆಯುವ ತಾಯಿ ಇನಾಸಬಾಯಿ, ಹೆಂಡತಿ, ಮಕ್ಕಳ ಜೋಡಿ ರೈಲ್ವೆ ಯಾರ್ಡಿನ ಬಗಲಿಗಿದ್ದ ಹಮಾಲರ ಚಾಳಿನ ಸಾಲು ಮನೆಯೊಂದರಲ್ಲಿ ಇದ್ದ. ಇನಾಸಬಾಯಿ ಗೆಸ್ಟ್ ಹೌಸಿನ ಕಸ ಹೊಡೆದು ನೆಲ ಒರೆಸುವ ಕೆಲಸದಾಕೆ. ನಮ್ಮಿಬ್ಬರ ಮೇಲೆ ಓವರಸಿಯರ ಸಾವಂತರು. ಕೊಂಕಣದ ಮನುಷ್ಯ. ಕನ್ನಡ ಚೆನ್ನಾಗಿ ಬರುತ್ತಿತ್ತು, ಸಿಟ್ಟು ಬಂದಾಗ ಮಾತ್ರ ಮರಾಠಿ. ಹಾಲಿನ ಬಾಗಿಲಿಗೆ ಬೀಗ, ಕಿಲ್ಲಿ ಅವರ ಜನಿವಾರದ ಪಕ್ಕದಲ್ಲೇ ಒಂದು ಕರಿ ದಾರಕ್ಕೆ.

ಅಳತೆಯ ಸಂಗತಿ ಹೇಳಬೇಕು. ಹೊರಗಿನ ಒಂದು ಫೂಟು ಅಂದರೆ ಬೋರ್ಡಿನ ಮೇಲೆ ಎಷ್ಟು ಅಂತ ಸಾಹೇಬರು ಇಂಗ್ಲಿಷಿನಲ್ಲಿ ಹೇಳಿದರು. ಸಾವಂತರು ಅದನ್ನು ಕನ್ನಡಕ್ಕೆ ತರುವಾಗ ಪೆನ್ಸಿಲ್ ತುದಿ ತೋರಿಸಿ, "ಇಷ್ಟು ನೋಡು, ಒಂದು ಜ್ವಾಳದ ಕಾಳಿನಷ್ಟು" ಅಂದುಬಿಟ್ಟರು. ನಾವು ಹಂಗೇ ಹಿಡಕೊಂಡೆವು. ಹತ್ತು ಫೂಟಿನ ಗೋಡೆ ಅಂದರೆ ಹತ್ತು ಕಾಳು ಸಾಲಾಗಿ ಇಟ್ಟು ಗೆರೆ ಹೊಡೆಯುವುದು. ಡಿಪೋದ ಶೆಡ್ಡಿನ ಎಡಭಾಗ ನಾನು, ಬಲಭಾಗ ಬಸ್ತ್ಯಾಂವ ಮಾಡಿದೆವು. ಜೋಡಿಸಿ ನೋಡಿದರೆ ನನ್ನ ಹಂಚಿನ ಮಾಡು ಮೇಲೆ, ಅವನದು ಕೆಳಗೆ.

"ನಿನಗ ಎಣಿಸಾಕ ಬರೂದಿಲ್ಲ," ಅಂದೆ ನಾನು.

"ನಾಕನೇತ್ತಾ ಓದಿದಾಂವ ನೀನು. ನಾ ಸಾಲಿ ಮಾರೀನ ನೋಡಿಲ್ಲ. ತಪ್ಪು ಓದಿದಾಂವಂದ ಇರತೈತಿ," ಅಂದ ಬಸ್ತ್ಯಾಂವ.

ಮಾತಿಗೆ ಮಾತು ಬೆಳೆದು, ಅವನು ಬೇಕಂತಲೇ ನನ್ನ ಕೆಲಸ ಕೆಡಿಸುತ್ತಿದ್ದಾನೆ ಅನ್ನುವವರೆಗೆ ನಾನು ಹೋದೆ. ಕೊನೆಗೆ ಇಬ್ಬರೂ ಕಿಸೆ ಬರಿದು ಮಾಡಿ ಮೇಜಿನ ಮೇಲೆ ಸುರಿದೆವು. ನನ್ನದು ಧಾರವಾಡದ ಕಡೆಯಿಂದ ಮನೆಗೆ ತರಿಸಿದ ಬಿಳಿ ಜೋಳ, ದಪ್ಪ ಕಾಳು. ಅವನದು ಪೇಟೆಯ ಕೆಂಪು ಜೋಳ, ಸಣ್ಣಕ್ಕಿಯಂಥದು. ಬಸ್ತ್ಯಾಂವ ಎಷ್ಟು ನಕ್ಕನೆಂದರೆ ಸ್ಟೂಲಿನಿಂದ ಕೆಳಗೆ ಬಿದ್ದ. "ನಿಮ್ಮ ಊರಾಗ ಮಂದೀನೂ ಹಿಂಗ ಉಬ್ಬಿರತಾರೇನೋ ಈರಪ್ಪ?" ಆವತ್ತೇ ಒಂದು ಹಿತ್ತಾಳೆ ಪಟ್ಟಿಯ ಮೇಲೆ ಗೆರೆ ಕೊರೆದು ಅಳತೆ ಮಾಡಿಕೊಂಡೆವು. ಜೋಳವನ್ನು ಗುಬ್ಬಿಗಳು ತಿಂದವು.

ಆಗ ಈಗಿನ ಹಂಗೆ ಪ್ಯಾಕೆಟ್ಟಿನಲ್ಲಿ ಗಿಡ, ಪ್ಯಾಕೆಟ್ಟಿನಲ್ಲಿ ಹುಲ್ಲು ಸಿಗುತ್ತಿರಲಿಲ್ಲ. ಕಾಳಿ ನದಿಯ ಉಸುಕು ಸೀರೆಯಲ್ಲಿ ಸೋಸಿ ರಸ್ತೆ ಮಾಡಿದೆವು. ಜಂಬಿಟ್ಟಿಗೆ ಕಲ್ಲು ಕುಟ್ಟಿ ಮಣ್ಣಿನ ಬಣ್ಣ ಮಾಡಿದೆವು. ದಪ್ಪ ಕಾಗದವನ್ನು ನೆನೆಸಿ ಹಣಿಗೆಯ ಹಲ್ಲಿನ ಮೇಲೆ ಒತ್ತಿ ಒಣಗಿಸಿದರೆ ಮಂಗಳೂರು ಹಂಚು. ಸಿಗರೇಟಿನ ಬೆಳ್ಳಿ ಕಾಗದ ತಿಕ್ಕಿ ಮಡಚಿದರೆ ತಗಡು. ಗಿಡಗಳ ತೊಂದರೆ ದೊಡ್ಡದು. ಒಣಗಿದ ಹೂವಿನ ತುರಾಯಿಗಳನ್ನು ಬಣ್ಣದಲ್ಲಿ ಅದ್ದಿ ಹಚ್ಚಿದ್ದೆವು. ಶ್ರಾವಣದ ತಂಪಿಗೆ ಅವೆಲ್ಲ ಬೂಸ್ಟು ಹಿಡಿದು ಬೆಳ್ಳಗಾಗಿ, ಕಾಡಿಗೆ ಹಿಮ ಬಿದ್ದ ಹಂಗೆ ಕಂಡಿತು. "ಹೇ ಕಾಶ್ಮೀರ ಆಹೆ ಕಾ?" ಅಂತ ಸಾವಂತರು ಕೂಗಾಡಿದರು. ಮೈಲುತುತ್ತದ ನೀರಿನಲ್ಲಿ ಅದ್ದಿ ಒಣಗಿಸಿದ ಮೇಲೆ ಬೂಸ್ಟು ನಿಂತಿತು. ಇದನ್ನು ನಮಗೆ ಯಾರೂ ಹೇಳಿಕೊಡಲಿಲ್ಲ. ಕೆಟ್ಟ ಮೇಲೆ ಕಲಿತದ್ದು.

ಅಂಟಿಸಲಿಕ್ಕೆ ಸರೇಸು. ದನದ ತೊಗಲು ಕುದಿಸಿ ಮಾಡಿದ ಅಂಟು. ಬಿಸಿ ಇದ್ದಾಗ ಹಚ್ಚಬೇಕು, ಆರಿದರೆ ಕಲ್ಲು. ಆದರೆ ಹಸಿ ತಾಗಿದರೆ ಮೆತ್ತಗಾಗುತ್ತದೆ. ಬಡಗಿಗೆ ಗೊತ್ತಿದ್ದ ಸಂಗತಿ ಅದು. ಒಳಗಿನ ಕೋಣೆಯಲ್ಲಿ ಮಳೆ ಎಲ್ಲಿಂದ ಬರಬೇಕು ಅಂತ ನಾನು ಅದರ ಚಿಂತೆ ಮಾಡಲಿಲ್ಲ.

ಚಾಳಿನ ಮನೆಗಳನ್ನು ಮಾಡಿದವನು ಬಸ್ತ್ಯಾಂವ. ಸ್ಟೇಶನ್ನು, ನೀರಿನ ಟಾಕಿ, ಸಾಹೇಬರ ಬಂಗಲೆ ಎಲ್ಲ ನನ್ನ ಕೈಯವು. ಅವು ಚೊಕ್ಕ ಇದ್ದವು, ನಾನೇ ಹೇಳುತ್ತೇನೆ. ಆದರೆ ನೋಡಲಿಕ್ಕೆ ಬಂದವರೆಲ್ಲ ಬಗ್ಗುತ್ತಿದ್ದದ್ದು ಚಾಳಿನ ಮುಂದೆ. ಬಸವ್ವನ ಮನೆಯ ಮಾಡಿನ ಮೇಲೆ ಕುಂಬಳಬಳ್ಳಿ, ಹುಸೇನಬಿಯ ಅಂಗಳದಲ್ಲಿ ಬೀಸುಕಲ್ಲು, ತನ್ನ ಮನೆಯ ಎಡಕ್ಕೆ ಜೋತುಬಿದ್ದ ಬಾಗಿಲು ಸಹ ಅವನು ಬಿಟ್ಟಿರಲಿಲ್ಲ. ಒಂದೊಂದು ಮನೆ ಅಂಗೈಯಲ್ಲಿ ಕೂಡುವಷ್ಟು. "ಬಾಗಲಾ ನೆಟ್ಟಗ ಮಾಡೋ, ಬೋರ್ಡಿನ ಮ್ಯಾಲಾದ್ರೂ," ಅಂದರೆ, "ಮನಿಯಾಗ ನೆಟ್ಟಗಾದ ದಿನ ಇಲ್ಲೂ ನೆಟ್ಟಗ ಮಾಡತೇನಿ," ಅನ್ನುತ್ತಿದ್ದ.

ಶ್ರಾವಣ ಮುಗಿಯುವ ಹೊತ್ತಿಗೆ ಬೋರ್ಡು ಮಾಡಿಸುವ ಕಾರಣ ಹೊರಬಿತ್ತು. ಡಿಪೋಗೆ ಇನ್ನೊಂದು ಹಳಿ ಬೇಕಾಗಿತ್ತು. ಅದನ್ನು ಒಯ್ಯಲಿಕ್ಕೆ ಎರಡೇ ದಾರಿ. ಎಡಕ್ಕೆ ಜಂಬಿಟ್ಟಿಗೆಯ ದಿಣ್ಣೆ, ಕಡಿದು ಒಯ್ಯಬೇಕು, ಖರ್ಚು ಜಾಸ್ತಿ. ಬಲಕ್ಕೆ ಚಾಳು, ಮನೆ ಎಬ್ಬಿಸಿದರೆ ಆಯಿತು. ದಸರೆಯ ಹಿಂದುಮುಂದು ಮುಂಬಯಿಯಿಂದ ಮಾಲಕರು ಬರುವವರಿದ್ದರು. ಅವರು ಕೆಸರಿನಲ್ಲಿ ತಿರುಗಾಡುವ ಪೈಕಿ ಅಲ್ಲ. ಹಾಲಿನಲ್ಲಿ ನಿಂತು ಬೋರ್ಡು ನೋಡಿ, ಹಳಿ ಎಲ್ಲಿ ಹಾಕಬೇಕು ಅಂತ ಬೊಟ್ಟು ಮಾಡಿ ಹೋಗುವವರು. ಸಾವಂತರು ಬಂದು ಚಾಳಿನ ಮೇಲೆ ಹಾದುಹೋಗುವ ಹಂಗೆ ಬೋರ್ಡಿನ ಮೇಲೆ ಪೆನ್ಸಿಲಿನಿಂದ ಒಂದು ಗೆರೆ ಎಳೆದರು. ಬಸ್ತ್ಯಾಂವ ಗೆರೆಯನ್ನೂ ನೋಡಿದ, ಅವರ ಮೋರೆಯನ್ನೂ ನೋಡಿದ.

"ಇದು ನಮ್ಮ ಅಡಗಿಮನಿ ಮ್ಯಾಲ ಹಾಯತೈತ್ರಿ ಸಾಹೇಬರ," ಅಂದ.

"ಅಜೂನ ನಕ್ಕಿ ಆಗಿಲ್ಲ, ಮಾಲಕರು ಬಂದು ಹೇಳಬೇಕು. ನೀ ನಿನ್ನ ಕೆಲಸಾ ಮಾಡು," ಅಂದರು ಸಾವಂತರು.

ಸಂಜೆಯ ಹೊತ್ತಿಗೆ ಗೆರೆಯ ಸುದ್ದಿ ಇಡೀ ಚಾಳಿಗೆ ಮುಟ್ಟಿತ್ತು.

ಆಮೇಲೆ ಮನೆಗಳು ಕಾಣೆಯಾಗಲಿಕ್ಕೆ ಹತ್ತಿದವು. ಒಂದು ಮುಂಜಾನೆ ಬೀಗ ತೆಗೆಸಿ ಒಳಗೆ ಬಂದರೆ ಬಸವ್ವನ ಮನೆ ಇಲ್ಲ. ಕುಂಬಳಬಳ್ಳಿ ಸಹಿತ ಹೋಗಿದೆ. ಮುರಿದಿಲ್ಲ, ಒಡೆದಿಲ್ಲ, ಹಲ್ಲು ಕಿತ್ತ ಒಸಡಿನ ಹಂಗೆ ಚೊಕ್ಕ ಜಾಗ. ನಾನು ಬಸ್ತ್ಯಾಂವನನ್ನು ನೋಡಿದೆ. ಅವನು ನನ್ನನ್ನು ನೋಡಿದ.

"ನೀ ಒಯ್ದೇನು?" ಅಂದೆ.

"ಒಯ್ದು? ಅದರಾಗ ನನ್ನ ಕಾಲಾದ್ರೂ ಹಿಡಸತೈತೇನು?"

"ಮಕ್ಕಳಿಗೆ ಆಡಾಕ ಒಯ್ದಿರಬೇಕು."

"ನನ್ನ ಮಕ್ಕಳು ಖರೇ ಮನಿಯಾಗ ಆಡತಾವ. ಅದು ಇನ್ನೂ ಅಲ್ಲೇ ಐತಿ. ನೀ ಹೇಳು, ಸಾವಂತ ನಿನಗ ಏನ ಕೊಡತೇನಿ ಅಂದಾನ?"

ಈ ಮಾತು ನನಗೆ ಮೆಣಸಿನಕಾಯಿ ತಾಗಿದ ಹಂಗೆ ತಾಗಿತು. ಆವತ್ತಿನಿಂದ ಒಬ್ಬರ ಮೇಲೊಬ್ಬರು ಕಣ್ಣಿಟ್ಟೆವು. ಅವನು ಮೂತ್ರಕ್ಕೆ ಹೋದರೆ ನಾನು ಕಿಟಕಿಯಲ್ಲಿ. ನಾನು ಬೀಡಿ ಸೇದಲಿಕ್ಕೆ ಹೋದರೆ ಅವನು ಬಾಗಿಲಲ್ಲಿ. ಹೋಗುವಾಗ ಇಬ್ಬರೂ ಒಬ್ಬರ ಚೀಲ ಒಬ್ಬರು ತಡಕಿ ನೋಡುತ್ತಿದ್ದೆವು. ನಾಚಿಕೆ ಬಿಟ್ಟ ಕೆಲಸ. ಆದರೂ ವಾರದೊಳಗೆ ಹುಸೇನಬಿಯ ಮನೆ ಹೋಯಿತು. ಬೀಸುಕಲ್ಲು ಮಾತ್ರ ಅಂಗಳದಲ್ಲಿ ಉಳಿದಿತ್ತು.

ಕೊನೆಗೆ ಒಂದು ಪರೀಕ್ಷೆ ಮಾಡಿದೆವು. ಹಳಿಯಾಳದ ಸಂತೆಯ ದಿನ ಸರೇಸು ತರುವ ನೆವ ಹೇಳಿ ಇಬ್ಬರೂ ಕೂಡಿಯೇ ಹೋಗುವುದು, ಕೂಡಿಯೇ ಬರುವುದು, ನಡುವೆ ಒಬ್ಬರನ್ನೊಬ್ಬರು ಬಿಡುವುದಿಲ್ಲ ಅಂತ ಕರಾರು. ಹೋದೆವು. ನಮ್ಮ ಮಾವನ ಮನೆಯಲ್ಲಿ ನಾನು ರೊಟ್ಟಿ ತಿನ್ನುವಾಗ ಸಹ ಬಸ್ತ್ಯಾಂವ ಕಟ್ಟೆಯ ಮೇಲೆ ಕೂತು ನನ್ನ ಮೇಲೆ ಕಣ್ಣಿಟ್ಟಿದ್ದ. "ಇಂವ ಯಾಕ ನಿನ್ನ ಹಂಗ ನೋಡಾಕ ಹತ್ಯಾನ?" ಅಂತ ನನ್ನ ಅತ್ತೆ ಗಾಬರಿಯಾದಳು. ರಾತ್ರಿ ಅಲ್ಲೇ ಮಲಗಿ, ಮರುದಿನ ಮುಂಜಾನೆ ಕೂಡಿಯೇ ಬಂದು ಬೀಗ ತೆಗೆಸಿದರೆ, ಎಡಕ್ಕೆ ಜೋತುಬಿದ್ದ ಬಾಗಿಲಿನ ಮನೆ ಇಲ್ಲ. ಬಸ್ತ್ಯಾಂವನದೇ ಮನೆ.

ಅವನು ಆ ಬರಿ ಜಾಗದ ಮೇಲೆ ಬೆರಳು ಆಡಿಸಿದ. ಆಮೇಲೆ ನನ್ನ ಕಡೆ ತಿರುಗಿ, "ನೀನಲ್ಲ," ಅಂದ.

"ನೀನೂ ಅಲ್ಲ," ಅಂದೆ.

ಉಳಿದವರು ಯಾರು? ಕಿಲ್ಲಿ ಇದ್ದದ್ದು ಸಾವಂತರ ಹತ್ತಿರ. ಗೆರೆ ಎಳೆದವರೂ ಅವರೇ. ಮಾಲಕರು ಬಂದಾಗ ಗೆರೆಯ ಹಾದಿಯಲ್ಲಿ ಮನೆ ಇಲ್ಲದಿದ್ದರೆ ಅವರು ಬೊಟ್ಟು ಮಾಡುವುದು ಎಲ್ಲಿಗೆ? ನನಗೆ ಎಲ್ಲ ತಿಳಿಯಾದ ಹಂಗೆ ಕಂಡಿತು. ಇಬ್ಬರೂ ಅವರ ಮುಂದೆ ಹೋಗಿ ನಿಂತೆವು.

"ಮನಿ ಹೋಗಾಕ ಹತ್ತ್ಯಾವ್ರಿ," ಅಂದೆ.

ಅವರಿಗೆ ಸಿಟ್ಟು ಬರಲಿಲ್ಲ. ಅದೇ ನನಗೆ ಹೆಚ್ಚಿನ ಸಂಶಯಕ್ಕೆ ಕಾರಣವಾಯಿತು. ಗಿಡಕ್ಕೆ ಬೂಸ್ಟು ಬಂದರೆ ಕೂಗಾಡುವ ಮನುಷ್ಯ, ಮನೆಗಳೇ ಹೋದರೂ ಅಡಿಕೆ ಕತ್ತರಿಸುತ್ತ ಕೂತಿದ್ದರು.

"ಹೋದದ್ದು ಹೋತು. ಮತ್ತ ಮಾಡಬ್ಯಾಡ್ರಿ. ಉಳದ ಎರಡ್ಮೂರು ಮನೀನೂ ತಗದು ಆ ಜಾಗಾಕ ಹಸರ ಬಣ್ಣಾ ಹಚ್ಚಿಬಿಡ್ರಿ."

"ಕಿಲ್ಲಿ ನಿಮ್ಮ ಹಂತ್ಯಾಕ ಇರತೈತಲ್ರಿ," ಅಂದೆ.

ಈಗ ಅಡಿಕೆ ನಿಂತಿತು. "ಮಾಝ್ಯಾವರ ಸಂಶಯ? ನನ್ನ ಮ್ಯಾಲ? ಈರಪ್ಪಾ, ನೀ ಬಡಿಗ್ಯಾ, ಬಡಿಗ್ಯಾ ಆಗೇ ಇರು. ಹಸರ ಹಚ್ಚಲಿಲ್ಲಾ ಅಂದ್ರ ಇಬ್ಬರೂ ಇಲ್ಲಿಂದ ನಡೀರಿ."

ಅವರೇ ಕಳ್ಳರು ಅಂತ ಆ ಹೊತ್ತಿಗೆ ಯಾರು ಆಣೆ ಮಾಡಿಸಿದ್ದರೂ ನಾನು ಮಾಡುತ್ತಿದ್ದೆ.

ಎರಡು ದಿನ ಕಳೆದು ಪಾಚಿ ತರಲಿಕ್ಕೆ ನಾವು ಕುಳಗಿ ರಸ್ತೆಯ ಕಡೆ ಹೋದೆವು. ಬಂಡೆಯ ಮೇಲಿನ ಸಣ್ಣ ಪಾಚಿಯನ್ನು ಚಾಕುವಿನಿಂದ ಎಬ್ಬಿಸಿ ಒಣಗಿಸಿದರೆ ಬೋರ್ಡಿನ ಮೇಲೆ ಗಿಡಗಂಟಿ ಆಗುತ್ತದೆ. ಊರು ದಾಟಿದ ಮೇಲೆ ರಸ್ತೆಯ ಪಕ್ಕಕ್ಕೆ ಒಂದು ಹಳೆಯ ಕಲ್ಲಿನ ಕುರುಸು, ಕ್ರಿಸ್ತಾಂವರ ಶಿಲುಬೆ. ಮೇಲೆ ಹಂಚಿನ ಸಣ್ಣ ಮಾಡು. ಬಸ್ತ್ಯಾಂವ ಅಲ್ಲಿ ಟೊಪ್ಪಿಗೆ ತೆಗೆದು ಬಗ್ಗುವ ರೂಢಿ. ಬಗ್ಗಿದವನು ಮೇಲೆ ಏಳಲಿಲ್ಲ.

"ಈರಪ್ಪ," ಅಂದ. "ಇಲ್ಲಿ ಬಾ."

ಕುರುಸಿನ ಬುಡದಲ್ಲಿ ಮೇಣದ ಬತ್ತಿ ಸುರಿದು ಗಟ್ಟಿಯಾದ ಜಾಗದಲ್ಲಿ ನಮ್ಮ ಮನೆಗಳು ಸಾಲಾಗಿ ಕೂತಿದ್ದವು. ಬಸವ್ವನ ಮನೆ, ಹುಸೇನಬಿಯ ಮನೆ, ಎಡಕ್ಕೆ ಜೋತ ಬಾಗಿಲು. ಚಾಳಿನಲ್ಲಿದ್ದ ಸಾಲಿನಂತೆಯೇ ಒಂದರ ಬಗಲಿಗೆ ಒಂದು. ಪ್ರತಿಯೊಂದರ ಮಾಡಿನ ಮೇಲೆ ಒಂದೊಂದು ಚೆಂಡು ಹೂವಿನ ಎಸಳು.

"ನಮ್ಮ ಆಯಿ," ಅಂದ ಬಸ್ತ್ಯಾಂವ, ಮತ್ತು ಅಲ್ಲೇ ಕೂತುಬಿಟ್ಟ.

ಅದು ಕ್ರಿಸ್ತಾಂವರ ಹರಕೆಯ ರೀತಿ ಅಂತ ಆಮೇಲೆ ಅವನೇ ಹೇಳಿದ. ಕಾಲು ನೋವಾದವರು ಮೇಣದ ಕಾಲು ಒಪ್ಪಿಸುತ್ತಾರೆ. ಮನೆಗೆ ಕೇಡು ಬಂದವರು ಮೇಣದ ಮನೆ ಒಪ್ಪಿಸುತ್ತಾರೆ. ಗೋವೆಯ ಇಗರ್ಜಿಗಳ, ಅಂದರೆ ಚರ್ಚುಗಳ ಮುಂದೆ ಅವನ್ನು ಮಾಡಿ ಮಾರುತ್ತಾರಂತೆ. ದಾಂಡೇಲಿಯಲ್ಲಿ ಮೇಣದ ಮನೆ ಎಲ್ಲಿಂದ ಬರಬೇಕು?

ಇನಾಸಬಾಯಿ ಚಾಳಿನ ಮುಂದೆ ಬಟ್ಟೆ ಒಣಹಾಕುತ್ತಿದ್ದಳು. ಮಗ ಕೇಳಿದ್ದಕ್ಕೆ ಅವಳು ಮುಚ್ಚಿಡಲೂ ಇಲ್ಲ, ಅಂಜಲೂ ಇಲ್ಲ.

"ಹೌದು, ನಾನ ಒಯ್ದೆ. ದಿನಾ ಕಸಾ ಹೊಡಿಯಾಕ ಸಾವಂತ ತಾನ ಬೀಗಾ ತಗದು ಕೊಡತಾನ. ಅಂವ ಬೀಡಿ ಸೇದಾಕ ಹೊರಗ ಹೋಗತಾನ. ಹಸಿ ಅರಬಿ ಸುತ್ತಿ ಹಿಡದ್ರ ಅಂಟು ಬಿಡತೈತಿ. ಬೆಣ್ಣಿಯಾಗಿಂದ ಕೂದಲಾ ತಗದಂಗ."

"ಎಲ್ಲಾರವೂ ಯಾಕ ಒಯ್ದಿ?" ಅಂದ ಬಸ್ತ್ಯಾಂವ.

"ಬಸವ್ವ ತಾನ ಬಂದು ಕೇಳಿದ್ಲು, ನಂದ ಮೊದಲ ಇಟ್ಟ ಬಾ ಅಂತ. ಹುಸೇನಬಿ ಬತ್ತಿ ಕೊಟ್ಳು. ನಮ್ಮೊಂದ ಇಟ್ಟು ಅವರವು ಬಿಡಲೇನು?"

"ಆಯಿ, ನೀ ಮಾಡಿದ್ದು ಏನಂತ ತಿಳದೈತೇನ? ಮನಿ ಇಲ್ಲದ ಬೋರ್ಡ ನೋಡಿ ಸಾಹೇಬರು ಇಲ್ಲಿ ಬಯಲು ಐತಿ ಅಂತಾರ. ಹಳಿ ಹಾಕ್ರಿ ಅಂತಾರ."

"ಬೋರ್ಡಿನ ಮ್ಯಾಲ ಇದ್ರ ಅವರ ಬೊಟ್ಟಿನ ಬುಡಕ ಇರತಾವ. ಅಲ್ಲಿ ಇದ್ರ ಕುರಸಿನ ಬುಡಕ ಇರತಾವ. ಯಾವುದು ಚಲೋ, ನೀನ ಹೇಳು." ಚಾಳಿನ ಕಡೆ ಕೈ ಮಾಡಿ, "ಅವರಿಗೆ ಕಣ್ಣಿಲ್ಲೇನು? ಕಿಡಕಿ ತಗದ್ರ ನಾವು ಕಾಣತೇವಲ್ಲ!" ಅಂದಳು.

"ಅವರು ಕಿಡಕಿ ತಗಿಯೂದಿಲ್ಲ ಆಯಿ. ಬೋರ್ಡ ನೋಡತಾರ."

ಇನಾಸಬಾಯಿ ಕೈಯಲ್ಲಿದ್ದ ಅರಿವೆಯನ್ನು ಹಿಂಡಿದಳು. ಹಿಂಡಿದ್ದನ್ನೇ ಮತ್ತೆ ಹಿಂಡಿದಳು. ತಿರುಗಿ ತರೋಣ ಅಂತ ನಾನು ಅಂದದ್ದಕ್ಕೆ, ಒಪ್ಪಿಸಿದ್ದನ್ನು ತಿರುಗಿ ಬೇಡುವ ಮೋರೆ ತನಗಿಲ್ಲ ಅಂದಳು. ನಾನು ಕೊರಳಲ್ಲಿ ಲಿಂಗ ಕಟ್ಟಿಕೊಂಡವನು. ಆ ಮಾತು ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಮಾಲಕರು ಬರಲಿಕ್ಕೆ ವಾರವೂ ಉಳಿದಿರಲಿಲ್ಲ. ಇಬ್ಬರೂ ಬೇರೆ ಎಲ್ಲ ಕೆಲಸ ಬದಿಗಿಟ್ಟು ಚಾಳಿನ ಮನೆಗಳನ್ನೇ ಮತ್ತೆ ಮಾಡಲಿಕ್ಕೆ ಕೂತೆವು. ಈ ಸಲ ನಾನು ಬಸ್ತ್ಯಾಂವ ಹೇಳಿದ ಹಂಗೆ ಮಾಡಿದೆ. ಮನೆ ಒಳಗೆ ಹೊರಗೆ ಬಲ್ಲವನು ಅವನು. ಮೂರನೆಯ ದಿನ ಸಾವಂತರು ಬಂದು ನೋಡಿದರು.

"ಹಸರ ಹಚ್ಚು ಅಂದಿದ್ದೆ."

"ಅಲ್ಲಿ ಮನಿ ಅದಾವ್ರಿ. ಇಲ್ಲೂ ಇರತಾವ," ಅಂದೆ. "ಬ್ಯಾಡಾ ಅಂದ್ರ ನಾ ಮಾಡಿದ ಸ್ಟೇಶನ್ನು, ಟಾಕಿ, ಬಂಗಲೆ ಎಲ್ಲಾ ಕಿತ್ತಕೊಂಡ ಹೋಗತೇನಿ. ನನ್ನ ಕೈಲೆ ಖೋಟಾ ಊರು ಆಗೂದಿಲ್ಲ. ಬರೇ ಹಳಿ ಮ್ಯಾಲ ರೈಲು ಓಡಿಸ್ರಿ, ಮಾಲಕರು ನೋಡಲಿ."

ಸೊಕ್ಕಿನ ಮಾತೇ. ಆದರೆ ಹೊಸ ಬಡಗಿಯನ್ನು ತಂದು ವಾರದೊಳಗೆ ಸ್ಟೇಶನ್ ಮಾಡಿಸುವುದು ಆಗದ ಮಾತು ಅಂತ ಅವರಿಗೂ ಗೊತ್ತಿತ್ತು.

"ಮಾಡ್ರಿ ಮಾಡ್ರಿ. ಇವತ್ತ ಕೂತ ಮನಿ ಅವರು ಬಂದ ದಿನಾ ಕೂತಿರತಾವೇನು, ನೋಡೂಣು," ಅಂದು ಹೋದರು.

ಅವರು ಹಂಗೆ ಅಂದದ್ದೇ ಒಳ್ಳೆಯದಾಯಿತು. ಸರೇಸಿನ ಮೇಲೆ ನಂಬಿಕೆ ಹೋಗಿತ್ತು. ಒಂದೊಂದು ಮನೆಯ ತಳಕ್ಕೆ ಎರಡೆರಡು ಬಿದಿರಿನ ಗೂಟ ಕೂರಿಸಿ, ಬೋರ್ಡಿಗೆ ತೂತು ಕೊರೆದು, ಗೂಟ ಕೆಳಗೆ ಇಳಿಸಿ, ಬೋರ್ಡಿನ ಅಡಿಗೆ ಅಂಗಾತ ಮಲಗಿ ಬೆಣೆ ಹೊಡೆದೆವು. ಮೇಲಿಂದ ನೋಡಿದವರಿಗೆ ಏನೂ ಕಾಣುವುದಿಲ್ಲ. ಕೀಳಬೇಕಂದರೆ ಬೋರ್ಡನ್ನೇ ಒಡೆಯಬೇಕು. ಬಸ್ತ್ಯಾಂವ ತಾಯಿಗೆ, "ಇವನ್ನ ಮುಟ್ಟಬ್ಯಾಡ," ಅಂತ ಹೇಳಿದ. "ಒಮ್ಮಿ ಕೊಟ್ಟಾಗೈತಿ. ಎರಡನೇ ಸಲ ಕೊಟ್ರ ದೇವರಿಗೆ ನನ್ನ ಮ್ಯಾಲ ಸಂಶೇ ಬರತೈತಿ," ಅಂದಳು ಅವಳು.

ಮಾಲಕರು ಬರುವ ಮುಂಜಾನೆ ಹೋಗಿ ನೋಡಿದರೆ ಹುಸೇನಬಿಯ ಮನೆಯ ಬುಡದ ಸುತ್ತ ಚಾಕು ಆಡಿಸಿದ ಗುರುತು. ಗೋಡೆ ಒಂದು ಕಡೆ ಸೀಳಿತ್ತು, ಮನೆ ಮಾತ್ರ ಅಲುಗಿರಲಿಲ್ಲ. ಸಾವಂತರ ಹೆಬ್ಬೆರಳಿಗೆ ಅರಿವೆ ಸುತ್ತಿತ್ತು.

ಮಾಲಕರು ರೈಲು ಓಡಿದ್ದನ್ನು ಕಂಡು ಸಣ್ಣ ಹುಡುಗರ ಹಂಗೆ ಚಪ್ಪಾಳೆ ಬಡಿದರು. ಒಬ್ಬರಂತೂ ಎಂಜಿನ್ನಿನ ಜೋಡಿ ತಾವೂ ಬೋರ್ಡಿನ ಸುತ್ತ ಓಡಿದರು. ಸಾವಂತರು ಚಾಳಿನ ಕಡೆ ಬೆನ್ನು ಕೊಟ್ಟು, ಮನೆಗಳನ್ನು ಮೈಯಿಂದ ಮರೆಮಾಡಿ, ಕೋಲಿನಿಂದ ಹಳಿಯ ದಾರಿ ತೋರಿಸುತ್ತಿದ್ದರು. ಅವರ ಪೈಕಿ ವಯಸ್ಸಾದವರೊಬ್ಬರು ಎಲ್ಲರನ್ನೂ ಬಿಟ್ಟು ಆ ಬದಿಯಿಂದ ಬಳಸಿ ಬಂದು ಚಾಳಿನ ಮುಂದೆ ಬಗ್ಗಿದರು. ಕುಂಬಳಬಳ್ಳಿ ನೋಡಿದರು. ಬಸವ್ವನ ಮನೆಯನ್ನು ಎತ್ತಿ ನೋಡಲಿಕ್ಕೆ ಎರಡು ಬೆರಳಿನಿಂದ ಹಿಡಿದರು. ಅದು ಬರಲಿಲ್ಲ.

"ಇವು ಯಾರವು?" ಅಂತ ಹಿಂದಿಯಲ್ಲಿ ಕೇಳಿದರು.

ಸಾವಂತರು, "ಟೆಂಪರರಿ, ಸರ್," ಅಂದರು.

ಗೋಡೆಗೆ ಒರಗಿ ನಿಂತಿದ್ದ ಬಸ್ತ್ಯಾಂವ, "ನಮ್ಮವು, ಸಾಬ," ಅಂದ. ನಮಗೆ ಬಾಯಿ ಬಿಡಬಾರದು ಅಂತ ಮೊದಲೇ ಹುಕುಂ ಇತ್ತು.

ಮುದುಕರು ಅವನನ್ನು ಮೇಲಿಂದ ಕೆಳಗೆ ನೋಡಿದರು. ಎಲ್ಲರೂ ಚಹಾಕ್ಕೆ ಹೋದರು.

ಹಳಿ ಎಡಕ್ಕೆ, ದಿಣ್ಣೆ ಕಡಿದು ಹೋಯಿತು. ಯಾಕೆ ಅಂತ ಇವತ್ತಿಗೂ ನನಗೆ ಗೊತ್ತಿಲ್ಲ. ಕುರುಸು ಮಾಡಿತು ಅಂತ ಇನಾಸಬಾಯಿ ಎಲ್ಲರ ಮುಂದೆ ಹೇಳಿದಳು. ಬೋರ್ಡು ಮಾಡಿತು ಅಂತ ಬಸ್ತ್ಯಾಂವ. ರಸ್ತೆಗೆ ಜಂಬಿಟ್ಟಿಗೆ ಬೇಕಾಗಿತ್ತು, ಒಂದೇ ಖರ್ಚಿನಲ್ಲಿ ಎರಡು ಕೆಲಸ ಆಯಿತು ಅಂತ ಆಫೀಸಿನವರು. ತಾನೇ ಶಿಫಾರಸು ಮಾಡಿದೆ ಅಂತ ಸಾವಂತರು ಚಾಳಿನಲ್ಲಿ ಹೇಳಿಕೊಂಡು ತಿರುಗಿದರು. ನಾನು ಯಾರ ಮಾತನ್ನೂ ಪೂರ್ತಿ ನಂಬಲಿಲ್ಲ, ಯಾರ ಮಾತನ್ನೂ ತೆಗೆದುಹಾಕಲೂ ಇಲ್ಲ.

ಆಮೇಲೆ ನಾನು ಎಷ್ಟೋ ಬೋರ್ಡು ಮಾಡಿದೆ. ಸರೇಸು ಹೋಗಿ ಡಬ್ಬಿಯ ಬಿಳಿ ಅಂಟು ಬಂತು, ಹಣಿಗೆಯ ಹಂಚು ಹೋಗಿ ಪ್ಲಾಸ್ಟಿಕ್ಕಿನ ಹಂಚು ಬಂತು. ಮನೆಗಳಿಗೆ ಗೂಟ ಹಾಕುವುದನ್ನು ಮಾತ್ರ ಬಿಡಲಿಲ್ಲ. "ಇಷ್ಟು ಸಣ್ಣದಕ್ಕ ಇಷ್ಟು ಗಟ್ಟಿ ಯಾಕ?" ಅಂತ ಹೊಸಬರು ಕೇಳಿದರೆ, ನನ್ನ ಕೆಲಸ ಹಂಗೇ, ಬೇಕಾದರೆ ಮಾಡಿಸಿರಿ ಅನ್ನುತ್ತಿದ್ದೆ.

ದಾಂಡೇಲಿಯ ಒಂದು ಸಂಗತಿ ಹೇಳುವುದು ಉಳಿಯಿತು. ಆ ದಿಣ್ಣೆ ಕಡಿಯುವ ಕೆಲಸ ಮುಗಿಯಲಿಕ್ಕೆ ಬಂದಾಗ, ಒಂದು ಸೂಟಿಯ ದಿನ ಮಧ್ಯಾಹ್ನ, ಸಾವಂತರು ನನ್ನ ಖೋಲಿಗೆ ಬಂದರು. ಕಂಕುಳಲ್ಲಿ ಒಂದು ಹಲಸಿನ ಕಟ್ಟಿಗೆ ತುಂಡು. ಹಿಂದೆ ಮುಂದೆ ನೋಡಿ ಬಾಗಿಲು ಮುಂದೆ ಮಾಡಿದರು.

"ಈರಪ್ಪಾ, ಒಂದು ಖಾಸಗಿ ಕೆಲಸಾ ಐತಿ."

ಕಂಪನಿಯ ಹೊತ್ತಿನಲ್ಲಿ ಖಾಸಗಿ ಕೆಲಸ ಮಾಡಿಸಿ ನನ್ನನ್ನು ಹಿಡಿದುಕೊಡುವ ಹೂಟ ಅಂತ ನನಗೆ ಮೊದಲು ಅನ್ನಿಸಿತು. "ಇವತ್ತ ಸೂಟಿ ಐತಿ, ಕಟಗಿ ನಂದು. ಅಂಜಬ್ಯಾಡ," ಅಂದರು ಅವರೇ. ಕೊಂಕಣದಲ್ಲಿ ಅವರ ಮನೆ. ಜಾಗ ಜಮೀನದಾರನದು, ಮೇಲಿನ ಮನೆ ಇವರದು. ಈಗ ಅವನು ಎಬ್ಬಿಸಲಿಕ್ಕೆ ಹತ್ತಿದ್ದಾನೆ. "ಅದನ್ನ ಸಣ್ಣದು ಮಾಡಿ ಕೊಡು."

ಯಾಕೆ ಅಂತ ನಾನು ಕೇಳಲಿಲ್ಲ. ಎರಡು ಸೂಟಿ ಹಿಡಿಯಿತು. ಅವರು ಎದುರಿಗೆ ಕೂತು ಹೇಳಿದರು, ನಾನು ಕೆತ್ತಿದೆ. ಪಡಸಾಲೆಗೆ ಮೂರು ಮೆಟ್ಟಿಲು, ಒಂದು ಸವೆದದ್ದು. ಹಿಂದಿನ ಬಾಗಿಲು ಸಣ್ಣದು, ಬಗ್ಗಿ ಹೋಗಬೇಕು. ಮಾಡಿಗೆ ತೆಂಗಿನ ಗರಿ, ಮುಂದಿನ ಸಾಲಿಗೆ ಮಾತ್ರ ಹಂಚು. "ಹಂಚು ಒಂದು ಕಡೆ ಒಡದೈತಿ," ಅಂದರು. ಒಡೆದು ಕೂರಿಸಿದೆ. ಈ ಮನುಷ್ಯನಿಗೆ ಒಂದು ಮನೆಯೊಳಗೆ ಇಷ್ಟೆಲ್ಲ ಕಾಣುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ.

ಮುಗಿದ ಮೇಲೆ, "ನೀ ಒಯ್ದು ಇನಾಸಬಾಯಿಗೆ ಕೊಡು. ನಾ ಹೆಂಗ ಹೋಗಲಿ?" ಅಂದರು.

"ಬೇಡಿಕೊಳ್ಳಾವರು ನೀವು. ನೀವ ಹೋಗಬೇಕು. ಜೋಡಿ ಬೇಕಾದ್ರ ಬರತೇನಿ," ಅಂದೆ.

ಚಾಳಿನಲ್ಲಿ ಇನಾಸಬಾಯಿ ಬಾಗಿಲ ಮುಂದೆ ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ಅಕ್ಕಪಕ್ಕದ ಬಾಗಿಲುಗಳಲ್ಲಿ ಹೆಣ್ಣುಮಕ್ಕಳು ಬಂದು ನಿಂತರು. ಸಾವಂತರು ಟವೆಲ್ ಬಿಚ್ಚಿ ಮನೆಯನ್ನು ಅವಳ ಮುಂದೆ ಹಿಡಿದರು. ಅವಳು ಅದನ್ನು ಇಸಿದುಕೊಂಡು ಸುತ್ತ ತಿರುಗಿಸಿ ನೋಡಿದಳು. ಒಡೆದ ಹಂಚನ್ನು ಮುಟ್ಟಿದಳು. ಒಂದು ಕಣ್ಣು ಮುಚ್ಚಿ, ಸಣ್ಣ ಬಾಗಿಲಿನಿಂದ ಒಳಗೆ ಇಣುಕಿದಳು.

"ಇದರಾಗ ಮಂದಿ ಅದಾರೇನು?" ಅಂದಳು.

"ಅದಾರ," ಅಂದರು ಸಾವಂತರು. "ಹೇಂತಿ ಅದಾಳ. ಎರಡು ಹೆಣ್ಣಮಕ್ಕಳು."

ಇನಾಸಬಾಯಿ ಮೊರವನ್ನು ಕೆಳಗಿಟ್ಟಳು. ಸೆರಗಿಗೆ ಕೈ ಒರೆಸಿಕೊಂಡು ಎದ್ದಳು.

"ಹಂಗಾದ್ರ ಕುರಸಿಗೆ ನಡೀರಿ," ಅಂದಳು. "ಬತ್ತಿ ತಂದೀರೇನು?"